ಸೈಕಲ್ಲಿಗೆ ಮಲೆನಾಡು ತೋರಿಸಿದೆವು

ನಾನು ಪ್ರವಾಸಕ್ಕೆ ಎಕ್ಸೆಲ್ ಶೀಟ್ ಮಾಡುವ ಪೈಕಿ. ಡಿಸೆಂಬರ್‌ನ ಮೂರು ದಿನದ ರಜೆಗೆ ಅಕ್ಟೋಬರ್‌ನಲ್ಲೇ ಶೀಟ್ ತಯಾರಾಗಿತ್ತು. ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಚಿಕ್ಕಮಗಳೂರು. ಕಾರಿನ ಬೆನ್ನಿಗೆ ನನ್ನ ಹೊಸ ಮೌಂಟನ್ ಬೈಕು. ಒಳ್ಳೆ ದಾರಿ ಕಂಡಲ್ಲಿ ಸೈಕಲ್ ಇಳಿಸುವುದು, ಒಂದು ಗಂಟೆ ತುಳಿಯುವುದು, ಮತ್ತೆ ಕಟ್ಟಿಕೊಂಡು ಹೊರಡುವುದು. ತಿಂಡಿ, ಏರು, ಇಳಿಜಾರು, ಟೈರಿನ ಗಾಳಿ, ಎಲ್ಲಕ್ಕೂ ಒಂದೊಂದು ಕಾಲಂ.

ಶೀಟ್ ನೋಡಿದ ಹೆಂಡತಿ, "ಬೇಲೂರಿನ ಮೇಲೆ ಹೋಗಿ ಚೆನ್ನಕೇಶವನಿಗೆ ಕೈ ಮುಗಿಯದೆ ಬರೋದಾ?" ಎಂದಳು. ಸೇರಿಸಿದೆ. ಅತ್ತೆ ಫೋನಿನಲ್ಲೇ ಹೊರನಾಡು ಸೇರಿಸಿದರು. "ಅದು ತುಂಬಾ ದೂರ ಅತ್ತೆ" ಎಂದೆ. "ಯಾಕೆ, ಅದೂ ಚಿಕ್ಕಮಗಳೂರು ಜಿಲ್ಲೆನೇ ಅಲ್ವಾ?" ಎಂದರು. ಭೂಗೋಳದ ಮುಂದೆ ವಾದ ನಡೆಯಲಿಲ್ಲ.

ಸೈಕಲ್ ಕಟ್ಟಲು ಡಿಕ್ಕಿ ಬಾಗಿಲಿಗೆ ಬೆಲ್ಟ್ ಬಿಗಿಯುವ ಒಂದು ರ್ಯಾಕ್ ತಂದಿದ್ದೆ. ಆರು ಬೆಲ್ಟು. ವಿಡಿಯೋ ನೋಡಿಕೊಂಡು ರಾತ್ರಿ ಹನ್ನೊಂದರವರೆಗೆ ಕಟ್ಟಿದೆ. ಬೆಳಗ್ಗೆ ಐದಕ್ಕೆ ಹೆಂಡತಿ ಬ್ಯಾಗುಗಳನ್ನು ತಂದು ಕಾರಿನ ಹಿಂದೆ ನಿಂತಾಗ ಗೊತ್ತಾಯಿತು, ರ್ಯಾಕ್ ಇದ್ದರೆ ಡಿಕ್ಕಿ ತೆಗೆಯಲು ಬರುವುದಿಲ್ಲ. ಬಿಚ್ಚಿದೆ. ಏಳು ಬ್ಯಾಗು ತುಂಬಿದೆ. ಮತ್ತೆ ಕಟ್ಟಿದೆ. ಐದಕ್ಕೆ ಹೊರಡಬೇಕಾದವರು ಆರೂಮುಕ್ಕಾಲಿಗೆ ಹೊರಟೆವು.

ಕುಣಿಗಲ್ ದಾಟಿದ ಮೇಲೆ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. "ನಂಬರ್ ಪ್ಲೇಟ್ ಎಲ್ಲಿ?"

"ಸೈಕಲ್ ಹಿಂದೆ ಇದೆ ಸಾರ್."

"ಸೈಕಲ್ಲಿಗೆ ನಂಬರ್ ಬೇಡಪ್ಪ. ಕಾರಿಗೆ ಬೇಕು."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಚಕ್ಕುಲಿ ಡಬ್ಬ ಇಟ್ಟಿದ್ದ ರಟ್ಟಿನ ಪೆಟ್ಟಿಗೆ ಹರಿದು, ಮಗನ ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದು, ಸೈಕಲ್ ಚಕ್ರಕ್ಕೆ ಕಟ್ಟಿದೆವು. ಮಗ ಖುಷಿಗೆ ಪಕ್ಕದಲ್ಲೊಂದು ಹೂವನ್ನೂ ಬಿಡಿಸಿದ.

ಬೇಲೂರಿನ ಹತ್ತಿರ ಟೀ ಅಂಗಡಿಯಲ್ಲಿ ಒಬ್ಬ ಅಜ್ಜ ಸೈಕಲ್ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. "ಕ್ಯಾರಿಯರ್ ಇಲ್ವಾ?" ಇಲ್ಲ ಎಂದೆ. "ಸ್ಟ್ಯಾಂಡು?" ಅದೂ ಇಲ್ಲ. "ಮಡ್‌ಗಾರ್ಡು? ಬೆಲ್ಲು?" ಇಲ್ಲ, ಇಲ್ಲ. "ಎಷ್ಟಾಯ್ತು?" ಹೇಳಿದೆ. ಅಜ್ಜ ನನ್ನ ಭುಜ ತಟ್ಟಿ, ಟೀ ದುಡ್ಡು ತಾವೇ ಕೊಟ್ಟು ಹೋದರು. ನಾನು ಬೇಡ ಎನ್ನಲಿಲ್ಲ. ಆ ಕರುಣೆ ನನಗೂ ಬೇಕಿತ್ತು.

ಎರಡನೇ ದಿನ ಮುಳ್ಳಯ್ಯನಗಿರಿ. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಇಡೀ ಪ್ಲಾನಿನ ಜೀವ ಇದೇ. ಸೀತಾಳಯ್ಯನಗಿರಿವರೆಗೆ ಕಾರಿನಲ್ಲಿ ಹೋಗುವುದು, ಅಲ್ಲಿಂದ ಕೈಮರದವರೆಗೆ ಕಾಫಿ ತೋಟಗಳ ನಡುವೆ ಸೈಕಲ್‌ನಲ್ಲಿ ಇಳಿಯುವುದು. ಶೀಟಿನಲ್ಲಿ ಈ ಸಾಲಿಗೆ ಹಸಿರು ಬಣ್ಣ ಬಳಿದಿದ್ದೆ.

ಮೇಲೆ ಹತ್ತುವಾಗ ನಾಲ್ಕನೇ ತಿರುವಿಗೇ ಮಗ ವಾಂತಿ ಮಾಡಿಕೊಂಡ. ಬೇರೆ ಪ್ಯಾಂಟು ಎಲ್ಲಿ? ಡಿಕ್ಕಿಯಲ್ಲಿ. ಆರು ಬೆಲ್ಟು ಬಿಚ್ಚಿ, ಆರು ಬೆಲ್ಟು ಕಟ್ಟಿದೆ. ಆ ಹೊತ್ತಿಗೆ ನನ್ನ ಕೈ ಅಭ್ಯಾಸವಾಗಿ ಎಂಟು ನಿಮಿಷದಲ್ಲಿ ಮುಗಿಯಿತು. ಇಡೀ ಪ್ರವಾಸದಲ್ಲಿ ನಾನು ಕಲಿತ ವಿದ್ಯೆ ಇದೊಂದೇ.

ಅಂತೂ ಮೇಲೆ ತಲುಪಿದೆವು. ಮಂಜು ಸರಿದು ಬೆಟ್ಟಗಳ ಸಾಲು ಕಾಣುತ್ತಿತ್ತು. ಹೆಲ್ಮೆಟ್ ಹಾಕಿದೆ, ಗ್ಲೌಸ್ ಹಾಕಿದೆ, ಮೊಣಕಾಲಿಗೆ ಪ್ಯಾಡ್ ಕಟ್ಟಿದೆ. ಹೆಂಡತಿ ಸುಮ್ನೆ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ರೀ, ನೀವು ಸೈಕಲ್ಲಲ್ಲಿ ಇಳಿದರೆ ಕಾರು ಯಾರು ಇಳಿಸ್ತಾರೆ?"

ಇಪ್ಪತ್ತೆರಡು ಕಾಲಂ ಇದ್ದ ಶೀಟಿನಲ್ಲಿ ಈ ಕಾಲಂ ಇರಲಿಲ್ಲ.

"ನೀನು..." ಎಂದೆ.

"ನನಗೆ ಅಪಾರ್ಟ್‌ಮೆಂಟ್ ಪಾರ್ಕಿಂಗಿನಿಂದ ಕಾರು ತೆಗೆಯೋಕೇ ಎರಡು ಜನ ಕೈ ತೋರಿಸಬೇಕು. ಈ ತಿರುವಿನಲ್ಲಿ ನಾನಾ?" ಒಂದು ಕ್ಷಣ ಯೋಚಿಸಿ, "ಹೆಲ್ಮೆಟ್ ಕೊಡಿ ಇಲ್ಲಿ" ಎಂದಳು.

ಅವಳು ಶಿವಮೊಗ್ಗದಲ್ಲಿ ಹೈಸ್ಕೂಲಿಗೆ ಸೈಕಲ್ಲಲ್ಲೇ ಹೋಗುತ್ತಿದ್ದಳೆಂದು ಮದುವೆಯಾಗಿ ಹನ್ನೆರಡು ವರ್ಷಕ್ಕೆ ಗೊತ್ತಾಯಿತು. ಸೀಟು ಇಳಿಸಿಕೊಂಡಳು. ಹಿಂದಿನ ಬ್ರೇಕ್ ಯಾವುದು ಅಂತ ಒಂದೇ ಸಲ ಕೇಳಿದಳು. ಹೊರಟೇಬಿಟ್ಟಳು. ನಾನು ಮೊಣಕಾಲಿನ ಪ್ಯಾಡ್ ಬಿಚ್ಚಲೂ ಪುರಸೊತ್ತಿಲ್ಲದೆ ಫಸ್ಟ್ ಗೇರಿನಲ್ಲಿ ಅವಳ ಹಿಂದೆ. ನನ್ನ ಹಿಂದೆ ಹಾರ್ನ್ ಹೊಡೆಯುವ ಜೀಪುಗಳು. ಮಗ ಕಿಟಕಿಯಿಂದ "ಅಮ್ಮಾ, ಸೂಪರ್!" ಎಂದು ಕೂಗುತ್ತಿದ್ದ. ವಾಂತಿ ಎಲ್ಲಿ ಹೋಯಿತೋ.

ಕೈಮರ ಇನ್ನೇನು ಬಂತು ಅನ್ನುವಾಗ ಹಿಂದಿನ ಚಕ್ರ ಪಂಕ್ಚರ್. ಸಣ್ಣ ಸಂತೋಷವಾಯಿತು ಅಂದರೆ ಸುಳ್ಳಲ್ಲ. ಕೊನೆಗೂ ನನ್ನ ಸರದಿ. ಕೆಳಗಿನ ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ತೇಪೆ ಹಾಕಿ, ಗಾಳಿ ಹಿಡಿಯಲು ಹೋಗಿ ನಿಂತ. "ಇದೇನ್ ಸಾರ್ ವಾಲ್ವು, ಕಡ್ಡಿ ಥರ ಇದೆ?" ಮೌಂಟನ್ ಬೈಕಿನ ಪ್ರೆಸ್ಟಾ ವಾಲ್ವ್ ಸಪೂರ. ಕಾರು, ಸ್ಕೂಟರಿನ ಪಂಪು ಕೂರುವುದಿಲ್ಲ. ನಡುವೆ ಕಡಲೆಕಾಳಿನಷ್ಟು ಒಂದು ಹಿತ್ತಾಳೆ ಅಡಾಪ್ಟರ್ ಬೇಕು. ಅದು ಕಳೆದುಹೋಗಬಾರದು ಅಂತ ಭದ್ರವಾಗಿ ಮನೆಯ ಬೀರುವಿನಲ್ಲಿ ಇಟ್ಟು ಬಂದಿದ್ದೆ. ಎದುರಿಗೆ ಕಾಣುತ್ತಿದ್ದ ಗಿರಿಗೆ ಬಾಬಾ ಬುಡನ್ ಯೆಮನ್ನಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದರು ಅನ್ನುತ್ತಾರೆ. ನನಗೆ ಬೆಂಗಳೂರಿನಿಂದ ಒಂದು ತುಂಡು ತರಲಾಗಲಿಲ್ಲ.

"ರಿಮ್ಮಿಗೆ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿ, ದಪ್ಪ ವಾಲ್ವಿನ ಟ್ಯೂಬ್ ಹಾಕಲಾ?" ಎಂದ. ನನ್ನ ಮುಖ ನೋಡಿ ಡ್ರಿಲ್ ಕೆಳಗಿಟ್ಟ. ಆಮೇಲೆ ವಾಲ್ವಿನ ಪ್ಲಾಸ್ಟಿಕ್ ಕ್ಯಾಪ್ ತೆಗೆದುಕೊಂಡು, ಬ್ಲೇಡಿನಿಂದ ಅದರ ತುದಿ ಕತ್ತರಿಸಿ, ತಲೆಕೆಳಗಾಗಿ ತಿರುಗಿಸಿ ಕೂರಿಸಿ ಪಂಪು ಒತ್ತಿದ. ಸ್ವಲ್ಪ ಸೋರಿತು, ಜಾಸ್ತಿ ಒಳಗೆ ಹೋಯಿತು. ಟೈರು ಗಟ್ಟಿಯಾಯಿತು. "ಮೂವತ್ತು ರೂಪಾಯಿ" ಎಂದ. ನೂರು ಕೊಟ್ಟೆ.

ಅಂಗಡಿಯಿಂದ ಕಾರಿನವರೆಗೆ ಸೈಕಲ್ ನಾನೇ ಓಡಿಸಿದೆ. ಇನ್ನೂರು ಮೀಟರ್ ಇರಬಹುದು. ಸೀಟು ತಗ್ಗಾಗಿ ಮೊಣಕಾಲು ಗಲ್ಲಕ್ಕೆ ಬಡಿಯುತ್ತಿತ್ತು. ಪ್ಯಾಡ್ ಇದ್ದದ್ದು ಒಳ್ಳೆಯದಾಯಿತು.

ಮೂರನೇ ದಿನ ಹೊರನಾಡಿಗೆ ಹೋಯಿತು. ದರ್ಶನ, ಊಟ ಎರಡೂ ಚೆನ್ನಾಗಿದ್ದವು. ಸೈಕಲ್ ಹೊರಗೆ ಹೂವಿನ ನಂಬರ್ ಪ್ಲೇಟ್ ಹೊತ್ತು ನಿಂತಿತ್ತು.

ಬೆಂಗಳೂರಿಗೆ ಬಂದ ಮರುದಿನ ಸೀಟು ಎತ್ತರಿಸಲು ಸ್ಪ್ಯಾನರ್ ಹಿಡಿದು ಕೂತೆ. ಹೆಂಡತಿ ಬಾಲ್ಕನಿಯಿಂದಲೇ ಕೂಗಿದಳು. "ಅದು ಹಾಗೇ ಇರ್ಲಿ ಬಿಡ್ರೀ. ಮುಂದಿನ ತಿಂಗಳು ಆಗುಂಬೆ ಘಾಟಿ. 14 ತಿರುವು ಇದೆಯಂತೆ, ನಿಮ್ಮ ಶೀಟಲ್ಲಿ ಬರೆದುಕೊಳ್ಳಿ."