ಸೈಕಲ್ ಸ್ಟ್ಯಾಂಡಿನಲ್ಲಿ ಸ್ಟ್ಯಾಂಡ್ ಎಲ್ಲಿದೆ?

ನಮ್ಮೂರ ರೈಲ್ವೆ ಸ್ಟೇಷನ್ ಪಕ್ಕದ ಸೈಕಲ್ ಸ್ಟ್ಯಾಂಡನ್ನು ಮ್ಯಾಪಿಗೆ ಸೇರಿಸಿದ್ದು ನಾನೇ. ಗೂಗಲ್ ಮ್ಯಾಪ್ ಅಲ್ಲ, ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ತಿದ್ದಬಹುದು, ಸೇರಿಸಬಹುದು. ಭಾನುವಾರ ಬೆಳಿಗ್ಗೆ ಊರು ಸುತ್ತಿ ನಲ್ಲಿ, ಕಲ್ಲುಬೆಂಚು, ಅರಳಿಕಟ್ಟೆ, ಪಂಚರ್ ಅಂಗಡಿ ಎಲ್ಲವನ್ನೂ ಅದಕ್ಕೆ ಸೇರಿಸುವುದು ನನ್ನ ಚಟ. ಮನೆಯಲ್ಲಿ ಇದಕ್ಕೆ 'ಕೆಲಸ ಇಲ್ದೋನ ಕೆಲಸ' ಅಂತ ಹೆಸರು.

ಅಲ್ಲಿ ಸೈಕಲ್ ಪಾರ್ಕಿಂಗ್ ಅಂತ ಒಂದು ಚುಕ್ಕೆ ಇಟ್ಟರೆ ಸಾಲದು. ಅದು ಯಾವ ಬಗೆಯದು ಅಂತಲೂ ಹೇಳಬೇಕು. ಹೀಗೆ ಚುಕ್ಕೆಗೆ ಅಂಟಿಸುವ ವಿವರದ ಚೀಟಿಗೆ ಅಲ್ಲಿ 'ಟ್ಯಾಗ್' ಅನ್ನುತ್ತಾರೆ. ಬಗೆಗಳ ಪಟ್ಟಿ ಉದ್ದವಾಗಿದೆ. ನಾನು ಕಣ್ಣಾಡಿಸಿದೆ, 'ಸ್ಟ್ಯಾಂಡ್ಸ್' ಅಂತ ಕಾಣಿಸಿತು. ಸೈಕಲ್ ಸ್ಟ್ಯಾಂಡ್ ತಾನೇ, ಇನ್ನೇನು ಯೋಚನೆ! ಹಾಕಿದೆ. ಎಷ್ಟು ಸೈಕಲ್ ಹಿಡಿಯುತ್ತೆ ಅನ್ನುವ ಕಡೆ 150 ಅಂತ ಬರೆದೆ. ಮರೆತೂಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಜರ್ಮನಿಯ ಯಾರೋ ಒಬ್ಬರು ನನ್ನ ಎಡಿಟ್ ಕೆಳಗೆ ಕಾಮೆಂಟ್ ಹಾಕಿದ್ದರು. ತುಂಬಾ ಮರ್ಯಾದೆಯಿಂದಲೇ ಕೇಳಿದ್ದರು. 150 ಸೈಕಲ್ಲಿಗೆ ಅಂದರೆ 75 ಕಬ್ಬಿಣದ ಸ್ಟ್ಯಾಂಡ್ ಇರಬೇಕು, ನಿಜಕ್ಕೂ ಇವೆಯಾ, ಅಂತ. ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮೂರ ಸೈಕಲ್ ಸ್ಟ್ಯಾಂಡ್ ಬಗ್ಗೆ ನನಗೇ ಪಾಠವಾ? ಆಮೇಲೆ ಆ ಟ್ಯಾಗಿನ ವಿವರಣೆ ತೆಗೆದು ಫೋಟೋ ನೋಡಿದೆ. ದಪ್ಪ ಪೈಪನ್ನು ಬಗ್ಗಿಸಿ, ತಲೆಕೆಳಗಾದ 'ಯು' ಥರ ಮಾಡಿ ನೆಲಕ್ಕೆ ಹೂತಿದ್ದಾರೆ. ಇಂಗ್ಲೆಂಡಿನಲ್ಲಿ ಅದಕ್ಕೆ ಶೆಫೀಲ್ಡ್ ಸ್ಟ್ಯಾಂಡ್ ಅನ್ನುತ್ತಾರೆ. ಒಂದೊಂದು ಪೈಪಿಗೆ ಆ ಕಡೆ ಒಂದು, ಈ ಕಡೆ ಒಂದು ಸೈಕಲ್ ಒರಗಿಸಿ ಬೀಗ ಹಾಕಬಹುದು. ಹಾಗಾಗಿ ಲೆಕ್ಕ ಹಾಕುವಾಗ ಒಂದಕ್ಕೆ ಎರಡು.

ನಮ್ಮೂರಲ್ಲಿ ಅಂಥದ್ದು ಒಂದೂ ಇಲ್ಲ. ತಗಡಿನ ಚಾವಣಿ, ಮಣ್ಣಿನ ನೆಲ, ಬಾಗಿಲಲ್ಲಿ ಒಂದು ಮೇಜು, ಅಷ್ಟೇ.

ಯೋಚಿಸಿ ನೋಡಿದರೆ ಕನ್ನಡದಲ್ಲಿ ಈ ಒಂದು ಮಾತು ಎಷ್ಟು ಕೆಲಸ ಮಾಡುತ್ತೆ ಅಂತ ಆಶ್ಚರ್ಯ ಆಗುತ್ತೆ. 'ಸ್ಟ್ಯಾಂಡ್ ಹಾಕು' ಅಂದರೆ ಸೈಕಲ್ಲಿಗೇ ಇರುವ ಕಾಲು. 'ಸ್ಟ್ಯಾಂಡಲ್ಲಿ ಬಿಟ್ಟು ಬಾ' ಅಂದರೆ ದುಡ್ಡು ಕೊಟ್ಟು ಬಿಡುವ ಜಾಗ. ಮ್ಯಾಪಿನವರ ಸ್ಟ್ಯಾಂಡ್ ಈ ಎರಡೂ ಅಲ್ಲ, ನೆಲಕ್ಕೆ ಹೂತ ಕಬ್ಬಿಣ.

ಇದು ಬರೀ ಪದದ ಗೊಂದಲ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದರ ಬೇರು ಸೈಕಲ್ಲಿನಲ್ಲೇ ಇದೆ. ನಮ್ಮ ಅಪ್ಪಂದಿರು ಓಡಿಸುತ್ತಿದ್ದ ಅಟ್ಲಾಸ್, ಹೀರೋ ಸೈಕಲ್ ನೆನಪು ಮಾಡಿಕೊಳ್ಳಿ. ಕ್ಯಾರಿಯರ್ ಹಿಡಿದು ಹಿಂದಕ್ಕೆ ಎಳೆದರೆ ಡಬಲ್ ಸ್ಟ್ಯಾಂಡ್ ಮೇಲೆ ನೆಟ್ಟಗೆ ನಿಲ್ಲುತ್ತೆ. ಹಿಂದಿನ ಚಕ್ರಕ್ಕೆ ಅದರದ್ದೇ ಬೀಗ. ಕಟಕ್ ಅನ್ನಿಸಿ ಕೀ ಜೇಬಿಗೆ ಹಾಕಿಕೊಂಡರೆ ಮುಗೀತು. ಅದಕ್ಕೆ ಒರಗಲು ಗೋಡೆ ಬೇಡ, ಕಟ್ಟಲು ಕಂಬ ಬೇಡ. ಬೇಕಾಗಿದ್ದು ಸಮತಟ್ಟಾದ ನೆಲ ಮತ್ತು ಕಾಯೋಕೆ ಒಬ್ಬ ಮನುಷ್ಯ. ಯಾಕಂದರೆ ಬೀಗ ಹಾಕಿದ ಸೈಕಲ್ಲನ್ನೂ ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಲ್ಲ!

ಆ ಮನುಷ್ಯನೇ ನಮ್ಮ ಸೈಕಲ್ ಸ್ಟ್ಯಾಂಡ್. ರಟ್ಟಿನ ಟೋಕನ್ ಹರಿದು ಅರ್ಧ ನಮ್ಮ ಕೈಗೆ, ಅರ್ಧ ಬ್ರೇಕ್ ತಂತಿಗೆ. ಟಾಕೀಸಿನಲ್ಲಿ ಸಿನಿಮಾ ಬಿಟ್ಟ ಮೇಲೆ ಆ ಚೂರು ಕಳೆದುಕೊಂಡವನ ಪಾಡು ಕೇಳಬೇಡಿ. ಎಲ್ಲರೂ ಹೋಗಿ ಕೊನೆಯ ಸೈಕಲ್ ಉಳಿಯುವ ತನಕ ಕಾಯಬೇಕು. ಒಂದಕ್ಕೆ ಕೈ ತಾಗಿದರೆ ಸಾಲಿಗೆ ಸಾಲೇ ದಬದಬ ಅಂತ ಮಲಗುತ್ತಿದ್ದದ್ದೂ ಅಲ್ಲೇ.

ಇದನ್ನೆಲ್ಲ ಮ್ಯಾಪಿಗೆ ಹೇಳೋದು ಹೇಗೆ? ಸರಿಯಾದ ಬಗೆ 'ಫ್ಲೋರ್'. ಅಂದರೆ ಬರೀ ನೆಲ, ಹಿಡಿದುಕೊಳ್ಳಲು ಏನೂ ಇಲ್ಲ. ಅದರ ಜೊತೆಗೆ ಚಾವಣಿ ಇದೆ, ದುಡ್ಡು ಕೊಡಬೇಕು, ಕಾಯುವವರು ಇದ್ದಾರೆ ಅಂತ ಬೇರೆ ಬೇರೆ ಟ್ಯಾಗ್. ಬರೀ 'ಫ್ಲೋರ್' ಅಂತ ಓದಿದ ಯುರೋಪಿನವನಿಗೆ ಇದು ಕಳಪೆ ಜಾಗ ಅನ್ನಿಸುತ್ತೆ. ನನಗೆ ಕೇಳಿದರೆ ಊರಲ್ಲಿ ಇದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ.

ಹಾಗಂತ ಅವರ ಕಬ್ಬಿಣದ ಚಿಂತೆ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಅದು ಅರ್ಥವಾಗಲು ನಾನೇ ಒಂದು ಗೇರ್ ಸೈಕಲ್ ಕೊಳ್ಳಬೇಕಾಯಿತು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಿನ ಮಾತು. ಸ್ಟ್ಯಾಂಡ್ ಇಲ್ಲದ ಸೈಕಲ್, ತೆಳ್ಳಗಿನ ಚಕ್ರ, ಡಿಸ್ಕ್ ಬ್ರೇಕ್. ಆಫೀಸಿನ ಬೇಸ್‌ಮೆಂಟಲ್ಲಿ ಮುಂದಿನ ಚಕ್ರ ಮಾತ್ರ ತೂರಿಸುವ ಒಂದು ಕಂಬಿ ಸಾಲು. ನೋಡೋಕೆ ಚೆನ್ನಾಗಿತ್ತು. ಒಂದು ದಿನ ಪಕ್ಕದಲ್ಲಿ ಸ್ಕೂಟರ್ ತೆಗೆಯುವಾಗ ಯಾರೋ ತಳ್ಳಿದ್ದಾರೆ. ಸೈಕಲ್ ಪೂರ್ತಿ ಒಂದು ಕಡೆಗೆ ವಾಲಿದೆ, ಚಕ್ರ ಮಾತ್ರ ಕಂಬಿಯಲ್ಲೇ ಸಿಕ್ಕಿಕೊಂಡಿದೆ. ಬೆಂಡ್ ತೆಗೆಸಲು ಎರಡು ಸಲ ಅಂಗಡಿಗೆ ಓಡಾಡಿದೆ. ಇಂಗ್ಲಿಷಿನಲ್ಲಿ ಈ ಥರದ ಕಂಬಿಗೆ ಸೈಕಲ್ ಹೊಡೆಯುವವರು 'ವೀಲ್ ಬೆಂಡರ್' ಅಂತಲೇ ಹೆಸರಿಟ್ಟಿದ್ದಾರೆ. ಮ್ಯಾಪಿನಲ್ಲಿ ಇದು 'ವಾಲ್ ಲೂಪ್ಸ್'. ಇದಕ್ಕೆ ಬೀಗ ಹಾಕಿದರೆ ಸಿಗುವುದು ಚಕ್ರ ಮಾತ್ರ. ಕಳ್ಳ ಚಕ್ರ ಬಿಟ್ಟು ಉಳಿದದ್ದನ್ನು ಕೊಂಡೊಯ್ಯಬಹುದು. ಹಾಗಾಗಿ 'ಸ್ಟ್ಯಾಂಡ್ಸ್' ಮತ್ತು 'ವಾಲ್ ಲೂಪ್ಸ್' ನಡುವಿನ ವ್ಯತ್ಯಾಸ ಬರೀ ಆಕಾರದ್ದಲ್ಲ. ಸಾವಿರಾರು ರೂಪಾಯಿಯ ಸೈಕಲ್ ಬಿಟ್ಟು ಹೋಗುವವನು ಮೊದಲು ನೋಡುವುದೇ ಅದನ್ನು.

ನನ್ನ ತಕರಾರು ಬೇರೆ. ಈ ಪಟ್ಟಿ ಮಾಡಿದವರು ಎರಡು ಪ್ರಶ್ನೆಗಳನ್ನು ಒಂದೇ ಡಬ್ಬಿಗೆ ತುಂಬಿದ್ದಾರೆ. ಸೈಕಲ್ಲನ್ನು ಯಾವುದು ಹಿಡಿದಿಡುತ್ತೆ ಅನ್ನೋದು ಒಂದು. ಆ ಜಾಗ ಎಂಥ ಕಟ್ಟಡ ಅನ್ನೋದು ಇನ್ನೊಂದು. ಪಟ್ಟಿಯಲ್ಲಿ 'ಸ್ಟ್ಯಾಂಡ್ಸ್' ಪಕ್ಕದಲ್ಲೇ 'ಶೆಡ್' ಇದೆ, 'ಬಿಲ್ಡಿಂಗ್' ಕೂಡ ಇದೆ. ಶೆಡ್ಡಿನೊಳಗೆ ಸ್ಟ್ಯಾಂಡ್ ಇದ್ದರೆ ಏನು ಬರೀಬೇಕು? ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ರೈಲ್ವೆ ಸ್ಟೇಷನ್ ಕೆಳಗೆ 12,500 ಸೈಕಲ್ ಹಿಡಿಯುವ ಪಾರ್ಕಿಂಗ್ ಇದೆ. 2019ರಲ್ಲಿ ಪೂರ್ತಿಯಾಯಿತು. ಮೂರು ಅಂತಸ್ತು, ಒಳಗೇ ಸೈಕಲ್ ಓಡಿಸಿಕೊಂಡು ಹೋಗಬಹುದು. ಮೊದಲ 24 ಗಂಟೆ ದುಡ್ಡಿಲ್ಲ. ಒಳಗಿರುವುದು ಒಂದರ ಮೇಲೊಂದು ಸೈಕಲ್ ಏರಿಸುವ ಎರಡು ಹಂತದ ಕಂಬಿಗಳು. ಅದು ಕಟ್ಟಡವೂ ಹೌದು, ಎರಡು ಹಂತದ ಕಂಬಿಯೂ ಹೌದು. ಒಂದನ್ನು ಆರಿಸಿದರೆ ಇನ್ನೊಂದು ಮಾಹಿತಿ ಹೋಯಿತು. ಭಾರದ ಸೈಕಲ್ ಮೇಲಿನ ಹಂತಕ್ಕೆ ಎತ್ತಲಾಗದವರಿಗೆ ಬೇಕಾದದ್ದೇ ಆ ಮಾಹಿತಿ! ಚಾವಣಿಗೆ ಹೇಗೂ ಬೇರೆ ಟ್ಯಾಗ್ ಇದೆ. ಕಟ್ಟಡಕ್ಕೂ ಬೇರೆ ಮಾಡಿ, ಬಗೆ ಹೇಳುವ ಈ ಟ್ಯಾಗನ್ನು 'ಯಾವುದು ಹಿಡಿದಿಡುತ್ತೆ' ಅನ್ನುವುದಕ್ಕೆ ಮಾತ್ರ ಬಿಟ್ಟುಬಿಡಿ ಅನ್ನೋದು ನನ್ನ ಮಾತು. ಆದರೆ ಇಷ್ಟು ವರ್ಷ ಜನ ಹಾಕಿದ ಟ್ಯಾಗುಗಳನ್ನು ಯಾರು ತಿದ್ದುತ್ತಾರೆ? ಅಲ್ಲಿಗೆ ನನ್ನ ಜೋರು ತಣ್ಣಗಾಗುತ್ತೆ.

ಇನ್ನೊಂದು ಬಗೆ 'ಇನ್ಫಾರ್ಮಲ್'. ಸೈಕಲ್ಲಿಗೆ ಅಂತ ಮಾಡಿದ್ದಲ್ಲ, ಆದರೂ ಜನ ನಿಲ್ಲಿಸುವ ಜಾಗ. ನಮ್ಮ ರಾಜ್ಯಕ್ಕೆ ಇದರಷ್ಟು ಒಪ್ಪುವ ಬಗೆ ಬೇರೆ ಇಲ್ಲ. 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಮೇಲೆ ಹಳ್ಳಿ ಹೈಸ್ಕೂಲುಗಳ ಮುಂದೆ ಹೊಂಗೆ ಮರದ ನೆರಳಲ್ಲಿ ಒಂದೇ ಥರದ ಸೈಕಲ್ ಸಾಲು ನೋಡಿದ್ದೀರಲ್ಲ? ಗೆರೆ ಇಲ್ಲ, ಬೋರ್ಡ್ ಇಲ್ಲ. ಆದರೂ ದಿನಾ ಅದೇ ಮರ, ಅದೇ ಸಾಲು. ಇದನ್ನು ಮ್ಯಾಪಿಗೆ ಹಾಕಬಾರದು ಅಂತ ಒಬ್ಬ ಗೆಳೆಯ ವಾದ ಮಾಡುತ್ತಾನೆ, ನಾಳೆ ಮರ ಕಡಿದರೆ ಏನು ಅಂತ. ಮರ ಕಡಿದ ದಿನ ಅಳಿಸಿದರಾಯಿತು. ಸೈಕಲ್ ಎಲ್ಲಿ ನಿಲ್ಲುತ್ತೋ ಅದೇ ಪಾರ್ಕಿಂಗ್, ಅಲ್ವಾ?

ಮೈಸೂರಿಗೆ ಹೋದವರು ಮಾಡುವ ತಪ್ಪೂ ಒಂದಿದೆ. 2017ರಲ್ಲಿ ಶುರುವಾದ ಟ್ರಿನ್ ಟ್ರಿನ್ ಸೈಕಲ್ ನಿಲ್ದಾಣಗಳನ್ನು ಪಾರ್ಕಿಂಗ್ ಅಂತ ಗುರುತು ಮಾಡುತ್ತಾರೆ. ಅದು ಬಾಡಿಗೆ ಸೈಕಲ್ಲಿನ ಜಾಗ. ಅದಕ್ಕೆ ಬೇರೆಯೇ ಟ್ಯಾಗ್. ನಿಮ್ಮ ಸೈಕಲ್ ಅಲ್ಲಿ ಕೂರುವುದಿಲ್ಲ.

ಕೊನೆಗೆ ಜರ್ಮನಿಯವರಿಗೆ ಉತ್ತರ ಬರೆದೆ. ತಪ್ಪಾಯಿತು, ನಮ್ಮ ಕಡೆ ಸ್ಟ್ಯಾಂಡ್ ಸೈಕಲ್ ಜೊತೆಗೇ ಬರುತ್ತೆ ಅಂತ. ಅವರು ನಗುವ ಮುಖ ಕಳಿಸಿದರು. 'ಫ್ಲೋರ್' ಅಂತ ತಿದ್ದಿದೆ. ಆದರೆ 150 ಅನ್ನುವ ಸಂಖ್ಯೆ ನಾನು ಅಂದಾಜಿಗೆ ಹಾಕಿದ್ದು. ಅದನ್ನಾದರೂ ಸರಿ ಮಾಡೋಣ ಅಂತ ಹೋದ ಭಾನುವಾರ ಮತ್ತೆ ಸ್ಟೇಷನ್ ಹತ್ತಿರ ಹೋದೆ. ಬೋರ್ಡಿನ ಮೇಲೆ 'ಸೈಕಲ್ ಸ್ಟ್ಯಾಂಡ್' ಅಂತಲೇ ಇದೆ. ಒಳಗೆ ತುಂಬಾ ಬೈಕು, ಸ್ಕೂಟರು. ಸೈಕಲ್ ಅಂತ ಇದ್ದದ್ದು ಮೂಲೆಯಲ್ಲಿ ಒಂಬತ್ತು. ಅಂದರೆ ಗಾಡಿ ಪಾರ್ಕಿಂಗ್ ಅಂತ ಇನ್ನೊಂದು ಚುಕ್ಕೆಯನ್ನೂ ಇಡಬೇಕು.

ನಾನು ಬೆರಳು ಮಡಿಸಿ ಎಣಿಸುತ್ತಿದ್ದದ್ದು ನೋಡಿ ಮೇಜಿನ ಹಿಂದಿದ್ದವರು ಕೂಗಿದರು.

"ಏನ್ ಸಾರ್ ಎಣಿಸ್ತಿದ್ದೀರಾ? ಮುಂದಿನ ವರ್ಷದ ಟೆಂಡರ್ ನೀವು ಹಾಕ್ತೀರೇನು?"

"ಇಲ್ಲ ಯಜಮಾನ್ರೇ. ಇಲ್ಲಿ ಒಟ್ಟು ಎಷ್ಟು ಸೈಕಲ್ ಹಿಡಿಸುತ್ತೆ ಅಂತ ನೋಡ್ತಿದ್ದೆ."

"ಎಷ್ಟು ಬಂದರೂ ಹಿಡಿಸ್ತೀವಿ. ಬಂದೋರನ್ನ ವಾಪಸ್ ಕಳಿಸಿದ್ದೇ ಇಲ್ಲ."

ಸಂಖ್ಯೆ ಅಳಿಸಿ, ಆ ಜಾಗ ಖಾಲಿ ಬಿಟ್ಟು ಬಂದೆ.