ಕೆನಲ್ ಹುಡುಗರ ಕೈಗೂ ಲೀಡ್ ಕೊಡಿ

ಮೊನ್ನೆ ಒಂದು ಮದುವೆ ಮನೆಯಲ್ಲಿ ಹಿರಿಯರೊಬ್ಬರು ನನ್ನ ಕೆಲಸ ಏನು ಅಂತ ಕೇಳಿದರು. ಡಾಗ್ ಹ್ಯಾಂಡ್ಲರ್ ಅಂದೆ. ‘ನಾಯಿ ಹಿಡಿಯೋ ಕೆಲಸನಾ? ಕಾರ್ಪೊರೇಷನ್‌ನಲ್ಲಾ?’ ಅಂದರು. ಅವರ ಮೇಲೆ ನನಗೆ ಬೇಸರ ಇಲ್ಲ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡಿ ಮನೆ ನಡೆಸುತ್ತಿದ್ದೇನೆ, ಆದರೆ ಇದು ಏನು ಅಂತ ಕೂತು ಯಾರಿಗೂ ಹೇಳಿಲ್ಲ. ಇವತ್ತು ಹೇಳುತ್ತೇನೆ. ಜೊತೆಗೆ ಕೆನಲ್‌ನಲ್ಲಿ, ಅಂದರೆ ನಾಯಿ ಸಾಕುವ ಜಾಗದಲ್ಲಿ, ದುಡಿಯುವ ಹುಡುಗರ ಬಗ್ಗೆ ಇನ್ನೊಂದು ಮಾತೂ ಇದೆ.

ಬೇರೆಯವರ ನಾಯಿಯನ್ನು ಶೋಗೆ, ಅಂದರೆ ನಾಯಿಗಳ ಸ್ಪರ್ಧೆಗೆ, ತಯಾರು ಮಾಡಿ, ಅಲ್ಲಿ ಹಗ್ಗ ಕಟ್ಟಿದ ಅಂಗಳದಲ್ಲಿ (ಅದೇ ರಿಂಗ್) ಜಡ್ಜ್ ಮುಂದೆ ತೋರಿಸುವುದು ನನ್ನ ಕೆಲಸ. ಪ್ರತಿ ತಳಿ ಹೇಗಿರಬೇಕು ಅಂತ ಬರೆದಿಟ್ಟ ಒಂದು ಅಳತೆ ಇರುತ್ತದೆ. ಜಡ್ಜ್ ನಾಯಿಯನ್ನು ಅದಕ್ಕೆ ಹೋಲಿಸಿ ನೋಡುತ್ತಾರೆ. ಒಂದು ನಾಯಿಗೆ ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಅದರಲ್ಲಿರುವ ಒಳ್ಳೆಯದೆಲ್ಲ ಕಣ್ಣಿಗೆ ಬೀಳಬೇಕು, ನಾನು ಬೀಳಬಾರದು. ಕಪ್ಪು ಲ್ಯಾಬ್ರಡಾರ್ ಹಿಡಿಯುವ ದಿನ ನಾನು ಕಪ್ಪು ಪ್ಯಾಂಟ್ ಹಾಕುವುದಿಲ್ಲ. ನಾಯಿಯ ಮೈಯ ಗೆರೆ ನನ್ನ ಬಟ್ಟೆಯಲ್ಲಿ ಕಳೆದುಹೋಗುತ್ತದೆ, ಅಲ್ವಾ? ಜಡ್ಜ್‌ಗೂ ನಾಯಿಗೂ ಮಧ್ಯೆ ಅಡ್ಡ ಬರುವಂತೆಯೂ ಇಲ್ಲ.

ನಿಲ್ಲಿಸುವುದಕ್ಕೆ ‘ಸ್ಟ್ಯಾಕ್’ ಅನ್ನುತ್ತೇವೆ. ಮುಂಗಾಲು ಭುಜದ ಕೆಳಗೆ ನೆಟ್ಟಗೆ, ಹಿಂಗಾಲು ಗಂಟಿನಿಂದ ಕೆಳಗೆ ಗೂಟ ನೆಟ್ಟ ಹಾಗೆ. ಜರ್ಮನ್ ಶೆಫರ್ಡ್ ಆದರೆ ಬೇರೆ ರೀತಿ, ಒಂದು ಹಿಂಗಾಲು ಹೊಟ್ಟೆಯ ಕಡೆಗೆ ಮುಂದೆ ಬರಬೇಕು. ಆಮೇಲೆ ಓಡಿಸುವುದು. ಲೀಡ್, ಅಂದರೆ ನಾಯಿಯ ಕೊರಳಿಗೆ ಹಾಕಿ ಹಿಡಿಯುವ ಪಟ್ಟಿ, ಸ್ವಲ್ಪ ಬಿಗಿಯಾದರೂ ಮುಂಗಾಲು ನೆಲವನ್ನು ಸರಿಯಾಗಿ ಊರುವುದಿಲ್ಲ. ಒಳ್ಳೆ ನಡಿಗೆಯ ನಾಯಿಯೂ ಕುಂಟಿದ ಹಾಗೆ ಕಾಣುತ್ತದೆ. ಹೀಗೆ ನನ್ನ ಕೈಯ ತಪ್ಪಿಗೆ ನಾಯಿ ಸೋತದ್ದು ಒಂದು ಸಲ ಅಲ್ಲ.

ನಮ್ಮ ಮುಧೋಳ ನಾಯಿಯ ವಿಷಯವೇ ಬೇರೆ. 2005ರಲ್ಲಿ ಅಂಚೆ ಇಲಾಖೆ ಅದರ ಸ್ಟಾಂಪ್ ತಂದಿತು. ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದವರು ಅದನ್ನು ಕ್ಯಾರವಾನ್ ಹೌಂಡ್ ಅನ್ನುತ್ತಾರೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಓಟದಲ್ಲಿ ಅದನ್ನು ನೋಡಿದರೆ ಎದೆ ತುಂಬುತ್ತದೆ. ಆದರೆ ಗೊತ್ತಿಲ್ಲದವರು ಮುಟ್ಟಿದರೆ ಅದಕ್ಕೆ ಆಗುವುದಿಲ್ಲ. ರಿಂಗ್‌ನಲ್ಲಿ ಜಡ್ಜ್ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಭುಜ, ಪಕ್ಕೆ ಮುಟ್ಟುತ್ತಾರೆ. ಗಂಡಾದರೆ ಎರಡೂ ಬೀಜ ಇಳಿದಿವೆಯಾ ಅಂತ ಕೈಯಿಟ್ಟೇ ನೋಡುತ್ತಾರೆ. ಅದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ನನ್ನ ಮೊದಲ ಮುಧೋಳವನ್ನು ದಿನಾ ಸಂಜೆ ಆಟೋ ಸ್ಟ್ಯಾಂಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಡ್ರೈವರ್‌ಗಳ ಹತ್ತಿರ ಬೆನ್ನು ಸವರಿಸುತ್ತಿದ್ದೆ. ಗಮನ ಸೆಳೆಯಲು ಬೇಯಿಸಿದ ಲಿವರ್ ತೋರಿಸಿದರೆ ಲ್ಯಾಬ್ರಡಾರ್ ಕುಣಿಯುತ್ತದೆ. ಮುಧೋಳ ಮುಖ ತಿರುಗಿಸುತ್ತದೆ. ದೂರದಲ್ಲಿ ಏನಾದರೂ ಅಲುಗಾಡಿದರೆ ಮಾತ್ರ ಕಿವಿ ಎತ್ತುತ್ತದೆ. ಇದನ್ನೆಲ್ಲ ಪುಸ್ತಕ ಓದಿ ಕಲಿಯಲು ಆಗಲ್ಲ. ಒಬ್ಬರ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಬೇಕು.

ನಾನು ಹೇಳಬೇಕಾದ ಮಾತು ಇಲ್ಲೇ ಇರುವುದು. ಶೋ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನಾಯಿಗಳಿಗೆ ಸ್ನಾನ ಮಾಡಿಸುವುದು, ಉಗುರು ಉಜ್ಜುವುದು, ಗಲೀಜು ಬಳಿಯುವುದು, ಸೆಕೆ ಆಗದಂತೆ ರಾತ್ರಿಯಿಡೀ ವ್ಯಾನಿನಲ್ಲಿ ನಿದ್ದೆಗೆಟ್ಟು ಕೂರುವುದು ಕೆನಲ್ ಹುಡುಗರು. ನಾಯಿಗೆ ಏನಾದರೂ ಆದರೆ ಮೊದಲು ಗೊತ್ತಾಗುವುದು ಅವರಿಗೇ. ಒಂದು ಸಲ ಬಾಕ್ಸರ್ ಒಂದನ್ನು ರಿಂಗಿಗೆ ಒಯ್ಯುತ್ತಿದ್ದೆ. ‘ಅಣ್ಣ, ಎಡಗಾಲು ಚಿಕ್ಕದಾಗಿ ಇಡ್ತಿದೆ’ ಅಂದ ಒಬ್ಬ ಹುಡುಗ. ನನಗೆ ಕಂಡಿರಲಿಲ್ಲ. ನೋಡಿದರೆ ಬೆರಳ ಸಂದಿಯಲ್ಲಿ ಮುಳ್ಳು. ಅಂಥ ಕಣ್ಣು ಇರುವ ಹುಡುಗ ಹಗ್ಗದ ಆಚೆ ಬಕೆಟ್ ಹಿಡಿದು ನಿಲ್ಲುತ್ತಾನೆ. ಲೀಡ್ ನನ್ನ ಕೈಗೆ ಬರುತ್ತದೆ, ಫೋಟೋದಲ್ಲಿ ನಾನಿರುತ್ತೇನೆ. ಐದು ವರ್ಷ ನಾನೂ ಹಾಗೇ ನಿಂತಿದ್ದೆ. ಕೆಲಸ ಮಾಡುತ್ತಿದ್ದ ಕೆನಲ್‌ನಲ್ಲಿ ಊಟ, ಮಲಗಲು ಜಾಗ ಕೊಟ್ಟರು. ಸಂಬಳ ಕೇಳಿದಾಗ ‘ಕಲೀತಿದ್ದೀಯಲ್ಲ, ಸಾಕು’ ಅಂದರು. ಕಲಿಸಿದ್ದು ಏನೂ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಮುದಿ ಡಾಬರ್‌ಮನ್ ಜೊತೆ ನಾನೇ ಅಭ್ಯಾಸ ಮಾಡಿದೆ.

ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ನಾಯಿ ಶೋ 1877ರಿಂದ ನಡೆಯುತ್ತಿದೆ. 2024ರಲ್ಲಿ ಅಲ್ಲಿ ಬೆಸ್ಟ್ ಇನ್ ಶೋ, ಅಂದರೆ ಇಡೀ ಶೋಗೇ ಒಂದೇ ನಾಯಿಗೆ ಸಿಗುವ ಮೊದಲ ಬಹುಮಾನ, ಗೆದ್ದದ್ದು ಸೇಜ್ ಅನ್ನುವ ಮಿನಿಯೇಚರ್ ಪೂಡಲ್. ಅದನ್ನು ಹಿಡಿದವರು ಕಾಜ್ ಹೊಸಾಕಾ. ಜಪಾನಿನಿಂದ ಹುಡುಗನಾಗಿ ಬಂದು ಆನ್ ರೋಜರ್ಸ್ ಕ್ಲಾರ್ಕ್ ಅವರ ಕೈಕೆಳಗೆ ಕಲಿತವರು. ಅಲ್ಲಿ ಬೆಸ್ಟ್ ಇನ್ ಶೋ ಗೆದ್ದ ಮೊದಲ ವೃತ್ತಿಪರ ಮಹಿಳಾ ಹ್ಯಾಂಡ್ಲರ್ ಆ ಆನ್, 1956ರಲ್ಲಿ. ಹೊಸಾಕಾ 2002ರಲ್ಲೂ ಗೆದ್ದಿದ್ದರು. 2024ರ ಗೆಲುವಿನ ಮುಂದಿನ ತಿಂಗಳೇ ತೀರಿಕೊಂಡರು. ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಬೇರೆ ದೇಶದಿಂದ ಬಂದ ಹುಡುಗನನ್ನು ಒಬ್ಬರು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು, ಕೊನೆಗೆ ಲೀಡನ್ನೂ ಕೊಟ್ಟರು. ನಮ್ಮಲ್ಲಿ ಯಾಕೆ ಆಗಬಾರದು?

ನಾಯಿ ಸಾಕುವವರಿಗೆ ನನ್ನದೊಂದು ಕೋರಿಕೆ. ಹ್ಯಾಂಡ್ಲರ್ ಜೊತೆ ರೇಟು ಮಾತಾಡುವಾಗ ಕೆನಲ್ ಹುಡುಗನ ದಿನದ ಕೂಲಿಯನ್ನೂ ಬರೆದುಕೊಳ್ಳಿ. ರಿಬ್ಬನ್ ಬರಲಿ, ಬರದಿರಲಿ, ಅದು ಅವನಿಗೆ ಸಿಗಬೇಕು. ನಿಮ್ಮ ಪಪ್ಪಿಯ ಮೊದಲ ಶೋ ಆದರೆ ಒಂದು ಸಲ ಅವನೇ ಹಿಡಿಯಲಿ. ಮರಿಗೂ ಅವನ ವಾಸನೆ ಗೊತ್ತಿರುತ್ತದೆ, ಹೆದರುವುದಿಲ್ಲ.

ಹ್ಯಾಂಡ್ಲರ್‌ಗಳೇ, ಕಲಿತವನು ನಾಳೆ ನಮ್ಮ ಗಿರಾಕಿಯನ್ನು ಕಿತ್ತುಕೊಳ್ಳುತ್ತಾನೆ ಅನ್ನುವ ಭಯ ನನಗೂ ಇತ್ತು. ಈಗ ಒಂದೇ ದಿನ ಎರಡು ರಿಂಗ್‌ನಲ್ಲಿ ಒಟ್ಟಿಗೆ ನಾಯಿ ಕರೆದಾಗ ಒಬ್ಬನೇ ಓಡುತ್ತಿದ್ದೇನೆ. ಪಕ್ಕದಲ್ಲಿ ನಂಬುವಂಥ ಇನ್ನೊಂದು ಕೈ ಇಲ್ಲ.

ನನ್ನ ಹತ್ತಿರ ಇಬ್ಬರು ಹುಡುಗರಿಗೆ ಜಾಗ ಇದೆ. ಹುಡುಗಿಯರೂ ಬರಬಹುದು. ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ, ರಿಂಗ್‌ಗೆ ಬೇಕಾದ ಹತ್ತು ಮಾತು ನಾನೇ ಕಲಿಸುತ್ತೇನೆ. ಮೊದಲ ತಿಂಗಳಿಂದಲೇ ಸಂಬಳ. ಭಾನುವಾರ ಶೋ ಇಲ್ಲದಿದ್ದರೆ ಬೆಳಗ್ಗೆ ಆರರಿಂದ ಎಂಟರವರೆಗೆ ಅಭ್ಯಾಸ, ಲೀಡ್ ಅವರ ಕೈಯಲ್ಲೇ. ಮುಧೋಳ, ಲೋಕಾಪುರ ಕಡೆಯ ಮನೆಗಳಲ್ಲಿ ನಾಯಿ ಜೊತೆ ಬೆಳೆದ ಮಕ್ಕಳಿದ್ದರೆ ದಯವಿಟ್ಟು ತಿಳಿಸಿ.