ಎದ್ದು ನಿಂತವರಿಗೆ ಮೂರು ಸೆಕೆಂಡ್ ಕೊಡಿ

ಕಾಲೇಜು ಶುರುವಾಗಿ ಸ್ವಲ್ಪ ದಿನವಾಗುತ್ತಲೇ ನನಗೆ ಒಂದೇ ಬಗೆಯ ಮೆಸೇಜುಗಳು ಬರತೊಡಗುತ್ತವೆ. "ಅಕ್ಕ, ಒಬ್ಬರು ಸರ್ ದಿನಾ ನನ್ನನ್ನೇ ಎಬ್ಬಿಸಿ ಪ್ರಶ್ನೆ ಕೇಳ್ತಾರೆ. ಆ ಕ್ಲಾಸಿಗೆ ಹೋಗ್ಲಿಕ್ಕೇ ಹೆದರಿಕೆ ಆಗ್ತದೆ." ಬರೆಯುವವರು ಹೆಚ್ಚಾಗಿ ಪಡುಬಿದ್ರಿ, ಕಾಪು, ಕಾರ್ಕಳ ಕಡೆಯ ಪರಿಚಯದವರ ಮಕ್ಕಳು. ಈ ಸಲ ಒಬ್ಬೊಬ್ಬರಿಗೇ ಉತ್ತರಿಸುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಉಪನ್ಯಾಸಕ ಮಿತ್ರರೂ ಓದಲಿ ಎಂಬ ಆಸೆ ಇದೆ.

ನಾನು ಓದಿದ್ದು ಮಂಗಳೂರಲ್ಲಿ. ಈಗ ಉಡುಪಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಎಬ್ಬಿಸಿ ನಿಲ್ಲಿಸಿದಾಗ ಹೇಗಿರುತ್ತದೆ ಅಂತಲೂ ಗೊತ್ತು, ಎಬ್ಬಿಸುವವರ ಅವಸರವೂ ಗೊತ್ತು. ಹೆಸರು ಹಿಡಿದು ಪ್ರಶ್ನೆ ಕೇಳುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಕೇಳಿದ ಮೇಲೆ ಯೋಚಿಸಲಿಕ್ಕೆ ಸಮಯ ಕೊಡದಿರುವುದು ತಪ್ಪು. ಆ ಸಮಯವನ್ನು ನಾವು ಕೊಡಬೇಕು. ಕೊಡದಿದ್ದರೆ ನೀವು ಬಾಯಿಬಿಟ್ಟು ಕೇಳಬೇಕು.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದವಳು. ಮಂಗಳೂರಿನ ಆ ಕ್ಲಾಸಿನಲ್ಲಿ ಒಬ್ಬ ಉಪನ್ಯಾಸಕರಿಗೆ ಯಾಕೋ ನನ್ನ ಹೆಸರೇ ಬಾಯಿಗೆ ಬರುತ್ತಿತ್ತು. ಎದ್ದು ನಿಂತ ಕೂಡಲೇ "ಹೇಳು, ಹೇಳು, ಬೇಗ" ಎನ್ನುತ್ತಿದ್ದರು. ಬಾಯಿ ಒಣಗುತ್ತಿತ್ತು, ಕೈ ತಣ್ಣಗಾಗುತ್ತಿತ್ತು, ಓದಿದ್ದು ಒಂದಕ್ಷರವೂ ನೆನಪಾಗುತ್ತಿರಲಿಲ್ಲ. ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟ ಬಸ್ಸು ಪಣಂಬೂರು ದಾಟುವಾಗ ಉತ್ತರ ಪೂರ್ತಿಯಾಗಿ ನೆನಪಿಗೆ ಬರುತ್ತಿತ್ತು. ಗೊತ್ತಿದ್ದೂ ಹೇಳಲಾಗಲಿಲ್ಲವಲ್ಲ ಎಂಬ ಸಂಕಟ ಇದೆಯಲ್ಲ, ಅದು ಗೊತ್ತಿಲ್ಲದ ಸಂಕಟಕ್ಕಿಂತ ದೊಡ್ಡದು.

ಇದು ದಡ್ಡತನ ಅಲ್ಲ. ಎಲ್ಲರೂ ನಮ್ಮನ್ನು ಅಳೆಯುತ್ತಿದ್ದಾರೆ ಅಂತ ಅನ್ನಿಸಿದಾಗ ದೇಹ ಅದನ್ನು ಅಪಾಯ ಅಂತಲೇ ತಿಳಿಯುತ್ತದೆ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜಾಸ್ತಿಯಾಗುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ಇದು ಒಳ್ಳೆಯ ತಯಾರಿ. ಆದರೆ ಓದಿದ್ದನ್ನು ನೆನಪಿಸಿಕೊಂಡು, ಜೋಡಿಸಿ, ವಾಕ್ಯ ಮಾಡಿ ಹೇಳುವುದಕ್ಕೆ ಬೇಕಾದ ಸಮಾಧಾನ ಆಗ ಇರುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ದೇಹ ತಣಿದಿರುತ್ತದೆ, ಉತ್ತರ ತಾನಾಗಿ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಕೆಲಸ ಜಾಸ್ತಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಈಗ ಉತ್ತರ ಇಂಗ್ಲಿಷಿನಲ್ಲಿ. ಅಷ್ಟು ದಾರಿ ನಡೆದು ಬರಲು ಒಂದೇ ಸೆಕೆಂಡ್ ಸಾಲುತ್ತದಾ ಹೇಳಿ.

ಒಂದು ಸೆಕೆಂಡ್ ಅಂತ ನಾನು ಸುಮ್ನೆ ಹೇಳುತ್ತಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ಪ್ರಾಥಮಿಕ ಶಾಲೆಯ ವಿಜ್ಞಾನ ಪಾಠಗಳನ್ನು ರೆಕಾರ್ಡ್ ಮಾಡಿ ಕೇಳಿಸಿಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಉತ್ತರವೇ ಬಾರದೆ ಹೋಗುವುದು ಕಡಿಮೆಯಾಯಿತು. ಯಾರೂ ಕೇಳದೆ ತಾವಾಗಿ ಮಾತಾಡುವ ಮಕ್ಕಳು ಹೆಚ್ಚಾದರು. ಬದಲಾಗಿದ್ದು ಕಾಯುವ ಹೊತ್ತು ಮಾತ್ರ. ಸಣ್ಣ ಮಕ್ಕಳಿಗೇ ಮೂರು ಸೆಕೆಂಡ್ ಬೇಕಾದರೆ, ಡಿಗ್ರಿಯ ಪ್ರಶ್ನೆಗೆ ಅದಕ್ಕಿಂತ ಜಾಸ್ತಿಯೇ ಬೇಕು.

ಈಗ ಮಕ್ಕಳಿಗೆ. ದಿನಾ ನಿಮ್ಮನ್ನೇ ಎಬ್ಬಿಸುವುದಕ್ಕೆ ಹಗೆಯೇ ಕಾರಣ ಅಂತ ಅಂದುಕೊಳ್ಳಬೇಡಿ. ದೊಡ್ಡ ಕ್ಲಾಸಿನಲ್ಲಿ ಮೊದಲ ತಿಂಗಳು ನಮಗೆ ನೆನಪಿರುವುದು ಕೆಲವೇ ಹೆಸರು. ಕಣ್ಣಿನ ನೇರಕ್ಕೆ ಕೂತವರು, ಒಮ್ಮೆ ಉತ್ತರ ಕೊಟ್ಟವರು, ತಡವಾಗಿ ಬಂದು ಬಾಗಿಲಲ್ಲಿ ನಿಂತವರು, ಅಟೆಂಡೆನ್ಸ್ ಪುಸ್ತಕದಲ್ಲಿ ಮೊದಲಿರುವವರು. ಚೆನ್ನಾಗಿ ಓದುವ ಹುಡುಗಿಯನ್ನು ಮತ್ತೆ ಮತ್ತೆ ಕೇಳುವುದಕ್ಕೆ ಬೇರೆ ಕಾರಣ ಇದೆ. ಅವಳು ಸರಿಯಾಗಿ ಹೇಳಿದರೆ ಪೋರ್ಷನ್ ಮುಂದಕ್ಕೆ ಹೋಗುತ್ತದೆ. ಅವಳಿಗೆ ಅದು ಎಷ್ಟು ಭಾರ, ಗೆಳತಿಯರು ಅದಕ್ಕೆ ಏನೆಲ್ಲ ಹೇಳುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಅವಳೂ ನನಗೆ ಮೆಸೇಜ್ ಮಾಡುತ್ತಾಳೆ.

ಹೆದರಿ ಕ್ಲಾಸ್ ತಪ್ಪಿಸಬೇಡಿ. 75% ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ ಅಂತ ನಿಮಗೆ ಗೊತ್ತಿದೆ. ಅದಕ್ಕಿಂತ ಮುಖ್ಯವಾಗಿ, ಒಂದು ದಿನ ತಪ್ಪಿಸಿದರೆ ಮರುದಿನ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ, ಯಾಕೆಂದರೆ ಆಗ ಹಿಂದಿನ ದಿನದ ಪಾಠವೂ ಗೊತ್ತಿರುವುದಿಲ್ಲ.

ಬೇಕಾದ ಸಮಯದಲ್ಲಿ ಸ್ವಲ್ಪವನ್ನು ಹಿಂದಿನ ರಾತ್ರಿಯೇ ಕೂಡಿಟ್ಟುಕೊಳ್ಳಬಹುದು. ನಾಳೆಯ ಪಾಠದ ನಾಲ್ಕು ಪುಟ ಓದಿ, ಪುಸ್ತಕ ಮುಚ್ಚಿ, ಇದರಿಂದ ಏನು ಕೇಳಬಹುದು ಅಂತ ನೀವೇ ಪ್ರಶ್ನೆ ಮಾಡಿ, ಉತ್ತರವನ್ನು ಗಟ್ಟಿಯಾಗಿ ಹೇಳಿ. ಮನಸ್ಸಲ್ಲಿ ಅಲ್ಲ, ಬಾಯಿಬಿಟ್ಟು. ಹಾಸ್ಟೆಲ್ ರೂಮ್‌ಮೇಟ್ ಎದುರು ಹೇಳಿದರೆ ಇನ್ನೂ ಒಳ್ಳೆಯದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಆಧಾರ. ಓದಿದ್ದನ್ನೇ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪಿಸಿಕೊಂಡವರಿಗೆ ಒಂದು ವಾರದ ಮೇಲೆ ಹೆಚ್ಚು ನೆನಪಿತ್ತು. ಇಲ್ಲಿ ಇನ್ನೊಂದು ಲಾಭವೂ ಇದೆ. ಆ ಇಂಗ್ಲಿಷ್ ವಾಕ್ಯ ನಿಮ್ಮ ನಾಲಿಗೆಯ ಮೇಲೆ ಒಮ್ಮೆ ಬಂದು ಹೋಗಿರುತ್ತದೆ. ಕ್ಲಾಸಿನಲ್ಲಿ ಅದು ಎರಡನೆಯ ಸಲ.

ಹೆಸರು ಕರೆದಾಗ ನಿಧಾನವಾಗಿ ಏಳಿ. ಏಳುವಾಗ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಉಸಿರು ಹೊರಹೋಗುವಾಗ ಎದೆಬಡಿತ ಸ್ವಲ್ಪ ಇಳಿಯುತ್ತದೆ, ಅದು ದೇಹದ ಸಹಜ ಗುಣ. ಆಮೇಲೆ ಪ್ರಶ್ನೆಯನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ: "ಸರ್, ನೀವು ಕೇಳುದು ಇದರ ಕಾರಣ ಅಲ್ವಾ?" ಅಷ್ಟರಲ್ಲಿ ನಿಮಗೆ ಬೇಕಾದ ಮೂರು ಸೆಕೆಂಡ್ ಸಿಕ್ಕಿರುತ್ತದೆ. ಸಾಲದಿದ್ದರೆ ನೇರವಾಗಿ ಹೇಳಿ. "ಸರ್, ಸ್ವಲ್ಪ ಯೋಚನೆ ಮಾಡಿ ಹೇಳ್ತೇನೆ." ಈ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಕೇಳಿಯೂ ಸಮಯ ಕೊಡದವರು ಕಡಿಮೆ.

ಪೂರ್ತಿ ಗೊತ್ತಿಲ್ಲದಿದ್ದರೆ ಗೊತ್ತಿರುವಷ್ಟು ಹೇಳಿ. ನನ್ನ ವಿಷಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆಕ್ಸಿಜನ್ ಜಾಗದಲ್ಲಿ ಗಂಧಕ ಇರುವ, ಅದರ ಸಂಬಂಧಿಯೇ ಆದ ಹೈಡ್ರೋಜನ್ ಸಲ್ಫೈಡ್ ಸೊನ್ನೆಗಿಂತ ಸುಮಾರು 60 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ. ಸಲ್ಫೈಡಿನ ಅಣು ನೀರಿನದಕ್ಕಿಂತ ಭಾರ, ಆದರೂ ಹೀಗೆ. ಯಾಕೆ? ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ನೀರಿನ ಅಣುಗಳು ಒಂದನ್ನೊಂದು ಗಟ್ಟಿ ಹಿಡ್ಕೊಂಡಿವೆ, ಬಿಡಿಸ್ಲಿಕ್ಕೆ ಜಾಸ್ತಿ ಶಾಖ ಬೇಕು. ಯಾಕೆ ಹಿಡ್ಕೊಂಡಿವೆ ಅಂತ ಗೊತ್ತಿಲ್ಲ" ಎಂದ. ಅರ್ಧಕ್ಕಿಂತ ಜಾಸ್ತಿ ಉತ್ತರ ಅಲ್ಲೇ ಇದೆ! ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುವುದು, ಅದರಿಂದ ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಆಕರ್ಷಿತವಾಗುವುದು, ಇಷ್ಟನ್ನು ನಾನು ಸೇರಿಸಿದೆ. ಇಡೀ ಕ್ಲಾಸಿಗೆ ಹೈಡ್ರೋಜನ್ ಬಾಂಡ್ ಅರ್ಥವಾದದ್ದು ಅವನು ತನಗೆ ಗೊತ್ತಿಲ್ಲದ ಜಾಗವನ್ನು ಸರಿಯಾಗಿ ತೋರಿಸಿದ್ದರಿಂದ. ಬರೀ "ಗೊತ್ತಿಲ್ಲ ಮೇಡಂ" ಎಂದಿದ್ದರೆ ನನಗೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಅವನು ಹೇಳಿದ್ದು ಕನ್ನಡದಲ್ಲಿ, ಅದನ್ನೂ ಗಮನಿಸಿ. "ಕನ್ನಡದಲ್ಲಿ ಹೇಳ್ಬಹುದಾ?" ಎಂದು ಕೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ತಪ್ಪು ಹೇಳಿದರೆ ಎಲ್ಲರೂ ವರ್ಷವಿಡೀ ನೆನಪಿಟ್ಟುಕೊಳ್ಳುತ್ತಾರೆ ಎಂಬ ಹೆದರಿಕೆಯ ಬಗ್ಗೆಯೂ ಒಂದು ಮಾತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳಿದ್ದ ಕೋಣೆಗೆ ಕಳಿಸಿದರು. 2000ನೇ ಇಸವಿಯಲ್ಲಿ ಪ್ರಕಟವಾದ ಪ್ರಯೋಗ ಅದು. ಹೆಚ್ಚುಕಡಿಮೆ ಅರ್ಧದಷ್ಟು ಜನ ಗಮನಿಸಿರಬೇಕು ಅಂತ ತೊಟ್ಟವರು ಅಂದಾಜು ಮಾಡಿದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಿಮ್ಮ ಕ್ಲಾಸಿನಲ್ಲೂ ಹಾಗೇ. ಮುಂದಿನ ಪ್ರಶ್ನೆ ತಮ್ಮ ಕಡೆ ಬರಬಹುದು ಎಂಬ ಚಿಂತೆಯಲ್ಲಿ ಉಳಿದವರು ಇರುತ್ತಾರೆ.

ಇಷ್ಟಾದರೂ ನಿಲ್ಲದಿದ್ದರೆ ಸ್ಟಾಫ್ ರೂಮಿಗೆ ಹೋಗಿ. ಇದು ಹೆಚ್ಚಿನವರು ಮಾಡದ ಕೆಲಸ, ನನ್ನ ಪ್ರಕಾರ ಅತಿ ಹೆಚ್ಚು ಫಲ ಕೊಡುವ ಕೆಲಸವೂ ಇದೇ. ದೂರು ಹೇಳಬೇಡಿ, ನಿಮಗೆ ಏನು ಬೇಕು ಅಂತ ಹೇಳಿ. "ಸರ್, ನನಗೆ ಉತ್ತರ ಗೊತ್ತಿದ್ರೂ ತಕ್ಷಣ ಬಾಯಿಗೆ ಬರುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ನನ್ನನ್ನು ಕರೀರಿ." ಉಗ್ಗು ಇರುವವರು ಅದನ್ನೂ ಹೇಳಿ. ಬೋರ್ಡಿನಲ್ಲಿ ಬರೆದು ತೋರಿಸುತ್ತೇನೆ ಅಂತ ಕೇಳಬಹುದು. ಅವಸರ ಮಾಡಿದಷ್ಟೂ ಮಾತು ಹೆಚ್ಚು ಕಟ್ಟುತ್ತದೆ ಎಂಬುದು ಎಷ್ಟೋ ಉಪನ್ಯಾಸಕರಿಗೆ ಗೊತ್ತೇ ಇರುವುದಿಲ್ಲ.

ಇನ್ನು ಉಪನ್ಯಾಸಕ ಮಿತ್ರರಿಗೆ. ಹೆಸರು ಕರೆದು ಕೇಳುವುದನ್ನು ಪೂರ್ತಿ ಬಿಡಿ ಅಂತ ನಾನು ಕೇಳುವುದಿಲ್ಲ. ಡಾಲಿಮೋರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಹೆಚ್ಚು ಕೇಳುವ ಕ್ಲಾಸುಗಳಲ್ಲಿ ದಿನ ಕಳೆದಂತೆ ತಾವಾಗಿ ಉತ್ತರ ಕೊಡುವವರು ಹೆಚ್ಚಾದರು. 2018ರಲ್ಲಿ ಕೂಪರ್, ಬ್ರೌನೆಲ್ ಮೊದಲಾದವರು ವಿಜ್ಞಾನ ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ ಬೇರೆಯದೇ ಕಂಡಿತು. ಇದ್ದಕ್ಕಿದ್ದಂತೆ ಹೆಸರು ಕರೆಯುವುದು ಅವರ ಆತಂಕವನ್ನು ಹೆಚ್ಚಿಸುತ್ತಿತ್ತು. ಉಳಿದವರು ತಮ್ಮನ್ನು ಕೀಳಾಗಿ ನೋಡುತ್ತಾರೆ ಎಂಬ ಹೆದರಿಕೆಯೇ ಅದಕ್ಕೆ ಮುಖ್ಯ ಕಾರಣ. ಎರಡನ್ನೂ ನಾನು ನಂಬುತ್ತೇನೆ. ಎಲ್ಲರ ಸರದಿಯೂ ಬರುವ ಕ್ಲಾಸಿನಲ್ಲಿ ಮಾತಾಡುವುದು ಅಭ್ಯಾಸವಾಗುತ್ತದೆ. ಒಬ್ಬರನ್ನೇ ಎಬ್ಬಿಸಿ ಅವಸರ ಮಾಡಿದರೆ ಹೆದರಿಕೆ ಉಳಿಯುತ್ತದೆ.

ನಮ್ಮ ಕರಾವಳಿಯಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ, ತಾಳಮದ್ದಳೆ. ಯಕ್ಷಗಾನದ ಪ್ರಸಂಗವನ್ನು ಕೂತಲ್ಲೇ ಹಾಡು, ಮಾತುಗಳಲ್ಲಿ ನಡೆಸುವ ಕಲೆ ಅದು. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಹಾಡುವ ಭಾಗವತರ ಪದ್ಯ ಮುಗಿದ ಮೇಲೆ, ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೆ ಅಂತ ಗೊತ್ತಿರುವುದಿಲ್ಲ. ಹೊಸಬ ತಡವರಿಸಿದರೆ ಒಳ್ಳೆಯ ಹಿರಿಯ ಅರ್ಥಧಾರಿ ಅವನ ಮಾತಿನಲ್ಲೇ ಒಂದು ಎಳೆ ಹಿಡಿದು, "ಹಾಗಾದರೆ ನೀನು ಹೇಳುವುದು ಇದೋ?" ಎಂದು ಕೇಳಿ ದಾರಿ ಮಾಡಿಕೊಡುತ್ತಾರೆ. ಪ್ರಸಂಗ ಮುಂದೆ ಹೋಗಬೇಕು ಎಂಬ ಕಾಳಜಿ ಅದು. ನಮ್ಮ ಕ್ಲಾಸಿಗೂ ಅಷ್ಟೇ ಬೇಕು. ಮೊದಲು ಪ್ರಶ್ನೆ ಕೇಳಿ, ಎಲ್ಲರೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಲಿ, ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಹೆಸರು ಕರೆಯಿರಿ. ಹೆಸರು ಮೊದಲು ಕರೆದರೆ ಉಳಿದ ಎಲ್ಲರೂ ಯೋಚಿಸುವುದನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಉತ್ತರ ಬಾರದವರನ್ನು ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಬೇಡಿ, ದಯವಿಟ್ಟು. ನಿಂತವರು ಆ ಹೊತ್ತಿನಲ್ಲಿ ಪಾಠ ಕೇಳುವುದಿಲ್ಲ, ತಲೆ ತಗ್ಗಿಸಿರುತ್ತಾರೆ.

ಕೊನೆಗೆ, ಪ್ರಶ್ನೆಯ ಹೆಸರಲ್ಲಿ ಅವಮಾನ ಮಾಡುವವರೂ ಇದ್ದಾರೆ. ಇಂಗ್ಲಿಷ್ ಉಚ್ಚಾರ, ಊರು, ಜಾತಿ, ಬಟ್ಟೆ, ಮೈಬಣ್ಣ ಹಿಡಿದು ಮಾತಾಡಿದರೆ ಅದು ಪಾಠ ಅಲ್ಲ. ಅದನ್ನು ಸಹಿಸಿಕೊಂಡು ಸುಮ್ಮನಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ದಿನಾಂಕ, ಆಡಿದ ಮಾತು, ಆಗ ಇದ್ದವರು, ಇಷ್ಟನ್ನು ಬರೆದಿಡಿ. ಮೆಂಟರ್ ಬಳಿ, ವಿಭಾಗದ ಮುಖ್ಯಸ್ಥರ ಬಳಿ ಹೋಗಿ. ಯುಜಿಸಿಯ 2023ರ ನಿಯಮಗಳ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ನಿಮ್ಮಲ್ಲಿ ಅದರ ಸದಸ್ಯರು ಯಾರು ಅಂತ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ನಿದ್ದೆ ಬಾರದಷ್ಟು, ಊಟ ಸೇರದಷ್ಟು ಹೆದರಿಕೆ ಇದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಹೇಳಿ. "ಎಲ್ಲರಿಗೂ ಕೇಳ್ತಾರೆ, ನಿನಗೊಬ್ಬಳಿಗಾ?" ಎಂದು ಅಮ್ಮ ಹೇಳಿದರೆ ಈ ಬರಹವನ್ನು ಅವರಿಗೂ ತೋರಿಸಿ.

ಈ ವಾರ ಸ್ಟಾಫ್ ರೂಮಿಗೆ ಹೋಗಬೇಕೆಂದಿರುವವರು, ಏನು ಹೇಳುವುದೆಂದು ತೋಚದಿದ್ದರೆ ನನಗೆ ಮೆಸೇಜ್ ಮಾಡಿ. ಹೇಳಬೇಕಾದ ಎರಡು ವಾಕ್ಯವನ್ನು ಇಬ್ಬರೂ ಸೇರಿ ಬರೆಯೋಣ. ಆಮೇಲೆ ಏನಾಯಿತು ಅಂತಲೂ ತಿಳಿಸಿ.